ವ್ಯಂಗ್ಯಕ್ಕೆ ಖಾರ ಹತ್ತಿದ ಬಗೆ

‘ನಿಮ್ಮ ಮಾತಿನಲ್ಲಿ ವ್ಯಂಗ್ಯವಿದೆ’ ಎಂದರೆ ಇಂದು ಯಾರೂ ಅದನ್ನು ಹೊಗಳಿಕೆ ಎಂದುಕೊಳ್ಳುವುದಿಲ್ಲ. ಸೇಡಂ, ಚಿತ್ತಾಪುರದ ಕಡೆಯ ಆಡುಮಾತಿನಲ್ಲಿ ಹಗುರಾಗಿ ನಗಿಸಿದರೆ ಮಜಾಕು, ಕೆಣಕಿದರೆ ಚಾಷ್ಟಿ. ವ್ಯಂಗ್ಯ ಎಂಬುದು ಓದುಬರಹದವರ ಪದ, ಅದು ಚುಚ್ಚಲೇಬೇಕು.

ಹುಟ್ಟಿದ ಮನೆಯಾದ ಸಂಸ್ಕೃತದಲ್ಲಿ ಈ ಪದಕ್ಕೆ ಬೇರೆಯೇ ಮರ್ಯಾದೆಯಿತ್ತು. 9ನೇ ಶತಮಾನದ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನನಿಗೆ ನೇರ ಹೇಳಿದ್ದು ವಾಚ್ಯ, ಹೇಳದೆ ಹೊಳೆಯಿಸಿದ್ದು ವ್ಯಂಗ್ಯ. ಒಲವೂ ವ್ಯಂಗ್ಯವಾಗಬಹುದಿತ್ತು, ಅಳಲೂ ಆಗಬಹುದಿತ್ತು. ಅದೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ರಾಜಧಾನಿ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಇಂದಿನ ಮಳಖೇಡ. ಅವನ ಆಸ್ಥಾನದ ಶ್ರೀವಿಜಯನ ‘ಕವಿರಾಜಮಾರ್ಗ’ವೂ ಧ್ವನಿಯ, ಅಂದರೆ ಹೀಗೆ ಹೇಳದೆ ಹೊಳೆಯಿಸುವ ಬಗೆಯ, ಹೆಸರೆತ್ತುತ್ತದೆ, ಆದರೆ ಅಲಂಕಾರಗಳ ಸಾಲಿನಲ್ಲಿ.

ಇಂಥ ಪದ ಕೊಂಕಿಗೆ ಇಳಿದದ್ದೇಕೆ? ದಿನದ ಬಾಳಿನಲ್ಲಿ ನಾವು ಬಾಯಿಬಿಟ್ಟು ಹೇಳಲಾರದ್ದು ಒಲವಿಗಿಂತ ದೂರೇ ಹೆಚ್ಚು ಎಂದು ನನ್ನ ಊಹೆ. ಮೇಲಿನವರ ಮುಂದೆ ಆಡುವ ದೂರಿಗೆ ಮರೆ ಬೇಕು.

ಆ ಮರೆಯ ಕೆಲಸ ‘ಕವಿರಾಜಮಾರ್ಗ’ದಲ್ಲೇ ಕಾಣುತ್ತದೆ. ಸಂಸ್ಕೃತ ಕನ್ನಡಗಳನ್ನು ಹದವರಿಯದೆ ಬೆರೆಸುವುದು ಕುದಿವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎನ್ನುತ್ತದೆ ಅದು. ಹಾಗೆ ಬೆರೆಸಿದ ಕವಿಗೆ ತನ್ನ ಹಾಲು ಒಡೆದದ್ದು ತಾನಾಗಿ ತಿಳಿಯುತ್ತದೆ.

ಪ್ರಾಚೀನ ರೋಮಿನಲ್ಲಿ ಬೆರಕೆಗೆ ಮಾನವಿತ್ತು. ವಿಡಂಬನ ಕಾವ್ಯಕ್ಕೆ ಅಲ್ಲಿನ ಹೆಸರು ‘ಸಾತುರಾ’; ಹಲವು ಬಗೆಯ ತಿನಿಸು ತುಂಬಿದ ತಟ್ಟೆಗೂ ಆ ಹೆಸರಿಗೂ ನಂಟು ಹೇಳುತ್ತಾರೆ. ಈ ಕಾವ್ಯ ಪೂರ್ತಿ ನಮ್ಮದೇ ಎಂದು ವಿಮರ್ಶಕ ಕ್ವಿಂಟಿಲಿಯನ್ ಹೆಮ್ಮೆಪಟ್ಟ. ಗ್ರೀಕರ ಸಾಲ ಹೊತ್ತಿದ್ದ ಲ್ಯಾಟಿನ್ ಸಾಹಿತ್ಯಕ್ಕೆ ಅದು ಸಣ್ಣ ಮಾತಲ್ಲ.

ಜುವೆನಾಲ್ ಈ ಕಾವ್ಯದ ಸಿಡುಕಿನ ಕವಿ. ಅವನ ನಾಲ್ಕನೆಯ ವಿಡಂಬನೆಯಲ್ಲಿ ಚಕ್ರವರ್ತಿ ಡೊಮಿಷಿಯನ್‌ಗೆ ಭಾರಿ ಮೀನೊಂದು ಕಾಣಿಕೆಯಾಗಿ ಬರುತ್ತದೆ. ಹಿಡಿಸುವ ಪಾತ್ರೆಯಿಲ್ಲ. ಮಂತ್ರಾಲೋಚನೆಗೆ ಗಣ್ಯರು ಓಡೋಡಿ ಬರುತ್ತಾರೆ. ಹೊಸ ಪಾತ್ರೆ ಮಾಡಿಸೋಣ, ಇನ್ನು ಮುಂದೆ ದಂಡಿನ ಜೊತೆ ಕುಂಬಾರರೂ ಇರಲಿ ಎಂದು ತೀರ್ಮಾನ. ವಾಚ್ಯ ಪಾತ್ರೆಯ ಅಳತೆ. ವ್ಯಂಗ್ಯ ಆ ಸಭೆಯ ಪ್ರಾಣಭಯ. ಅದೇ ಪದ್ಯದಲ್ಲಿ ಜುವೆನಾಲ್ ನೇರವಾಗಿ ಬೈದದ್ದೂ ಉಂಟು. ಆದರೆ ಹೆಚ್ಚು ನಾಟುವುದು ಮೀನೇ. ಡೊಮಿಷಿಯನ್ ಸತ್ತ ಮೇಲೆ ಬರೆದ ಪದ್ಯವಿದು. ಮರೆಯ ಅಗತ್ಯ ತೀರಿದ ಮೇಲೂ ಕವಿತೆಗೆ ಅದು ಬೇಕಾಯಿತು.

ಎದುರಾಳಿಯನ್ನು ಕತ್ತೆ ಎಂದು ಕರೆದ ಭಾಷಣಕ್ಕೂ ಇಂದಿನ ನಮ್ಮ ಪತ್ರಿಕಾ ವರದಿಗಳಲ್ಲಿ ‘ವ್ಯಂಗ್ಯವಾಡಿದರು’ ಎಂದೇ ಅಚ್ಚಾಗುತ್ತದೆ. ಆನಂದವರ್ಧನ ಕರಡು ತಿದ್ದಲು ಕೂತಿದ್ದರೆ ಆ ಪದ ಹೊಡೆದುಹಾಕಿ ‘ಬೈದರು’ ಎಂದು ಬರೆಯುತ್ತಿದ್ದ.