ಮಹಾಪಧಮನಿ ಸೀಳಿಕೆ: ಚಿತ್ರಣ ಪರೀಕ್ಷೆಯ ಇತಿಹಾಸ

ಹೃದಯದಿಂದ ಹೊರಡುವ ಮಹಾಪಧಮನಿಯ ಒಳಪದರ ಹರಿದು, ರಕ್ತವು ನಾಳದ ಗೋಡೆಯೊಳಗೇ ನುಗ್ಗಿ ಹುಸಿನಾಳವೊಂದನ್ನು ಕೊರೆಯುವುದೇ ಮಹಾಪಧಮನಿ ಸೀಳಿಕೆ. ವೈದ್ಯರು ಇದನ್ನು ಅಯೋರ್ಟಿಕ್ ಡಿಸೆಕ್ಷನ್ ಎನ್ನುತ್ತಾರೆ.

ಬಹುಕಾಲ ಇದು ಶವಪರೀಕ್ಷೆಯಲ್ಲಷ್ಟೇ ಗೊತ್ತಾಗುತ್ತಿದ್ದ ಕಾಯಿಲೆ. 1760ರ ಅಕ್ಟೋಬರ್ 25ರಂದು ಬ್ರಿಟನ್ನಿನ ದೊರೆ ಎರಡನೇ ಜಾರ್ಜ್ ಕೆನ್ಸಿಂಗ್ಟನ್ ಅರಮನೆಯಲ್ಲಿ ಕುಸಿದು ತೀರಿಕೊಂಡ. ದೇಹ ಪರೀಕ್ಷಿಸಿದ ವೈದ್ಯ ಫ್ರಾಂಕ್ ನಿಕೋಲ್ಸ್‌ಗೆ ಹೃದಯದ ಹೊರಚೀಲದ ತುಂಬ ಹೆಪ್ಪುಗಟ್ಟಿದ ರಕ್ತವೂ ಮಹಾಪಧಮನಿಯ ಒಳಮೈಯಲ್ಲಿ ಸುಮಾರು ಒಂದೂವರೆ ಅಂಗುಲದ ಅಡ್ಡಬಿರುಕೂ ಕಂಡವು.

ಬದುಕಿರುವವರ ಮಹಾಪಧಮನಿಯನ್ನು ನೋಡುವ ದಾರಿ ತೆರೆದದ್ದು 1929ರಲ್ಲಿ. ಲಿಸ್ಬನ್ನಿನ ರೇನಾಲ್ಡೊ ಡೊಸ್ ಸಾಂಟೋಸ್ ಬೆನ್ನಿನ ಕಡೆಯಿಂದ ಸೂಜಿ ಚುಚ್ಚಿ, ಎಕ್ಸ್‌-ರೇಯಲ್ಲಿ ಕಾಣುವ ದ್ರವವನ್ನು ನಾಳಕ್ಕೆ ಹರಿಸಿದರು. 1950ರ ದಶಕದಲ್ಲಿ ಹ್ಯೂಸ್ಟನ್ನಿನ ಮೈಕೆಲ್ ಡಿಬೇಕಿ ಶಸ್ತ್ರಚಿಕಿತ್ಸೆ ಆರಂಭಿಸಿದ ಮೇಲೆ ಸೀಳು ಎಲ್ಲಿ ಶುರುವಾಗಿ ಎಲ್ಲಿಯವರೆಗೆ ಹೋಗಿದೆ ಎಂಬುದು ಮುಖ್ಯವಾಯಿತು. 2005ರಲ್ಲಿ, 97ನೇ ವಯಸ್ಸಿನಲ್ಲಿ, ಇದೇ ಕಾಯಿಲೆ ಡಿಬೇಕಿ ಅವರಿಗೇ ಬಂತು. ಶಸ್ತ್ರಚಿಕಿತ್ಸೆಯಿಂದ ಅವರು ಬದುಕುಳಿದರು.

1971ರಲ್ಲಿ ಬಂದ ಸಿ.ಟಿ. ಸ್ಕ್ಯಾನ್, ಆಮೇಲೆ ಎಂ.ಆರ್.ಐ. ಮತ್ತು ಅನ್ನನಾಳದೊಳಗಿನಿಂದ ನೋಡುವ ಎಕೋ ಈ ಕೆಲಸವನ್ನು ಸಲೀಸು ಮಾಡಿದವು. ಬರೀ ಎದೆಯ ಎಕ್ಸ್‌-ರೇ ನಂಬುವಂತಿರಲಿಲ್ಲ. 464 ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಎಕ್ಸ್‌-ರೇ ತೆಗೆದವರ ಪೈಕಿ ಸುಮಾರು 12% ಮಂದಿಯ ಚಿತ್ರದಲ್ಲಿ ಯಾವ ದೋಷವೂ ಕಂಡಿರಲಿಲ್ಲ.

ಸೀಳು ಸುಲಭವಾಗಿ ಕಾಣತೊಡಗಿದಂತೆ ಪ್ರಶ್ನೆಯೂ ಬದಲಾಯಿತು: ರಕ್ತ ಎಲ್ಲಿಗೆ ಹೋಗುತ್ತಿದೆ? ಅಪರೂಪದ ತೊಡಕುಗಳು ಹೊರಬಿದ್ದದ್ದು ಇಲ್ಲಿಯೇ. ಮಹಾಪಧಮನಿಯೂ ಶ್ವಾಸಕೋಶದ ಅಪಧಮನಿಯೂ ಬುಡದಲ್ಲಿ ಒಂದೇ ಹೊರಪದರವನ್ನು ಹಂಚಿಕೊಂಡಿವೆ. ಮಹಾಪಧಮನಿಯ ಹಿಂಬದಿ ಒಡೆದರೆ ರಕ್ತ ಆ ಪದರದಡಿ ಹರಿದು ಶ್ವಾಸಕೋಶದ ಅಪಧಮನಿಯನ್ನು ಹಿಸುಕುತ್ತದೆ; ಅದನ್ನು ಶ್ವಾಸಕೋಶಕ್ಕೆ ಸಿಕ್ಕಿಕೊಂಡ ಹೆಪ್ಪು ಎಂದೇ ತಿಳಿಯುವ ಅಪಾಯವಿದೆ. ಹಾಗೆಂದು ಹೆಪ್ಪು ಕರಗಿಸುವ ಔಷಧ ಕೊಟ್ಟರೆ ರೋಗಿಯ ಜೀವಕ್ಕೇ ಕುತ್ತು.

1962ರಲ್ಲಿ ಹಫ್ನಾಗೆಲ್ ಮತ್ತು ಕಾನ್ರಾಡ್ ಎಂಬ ವೈದ್ಯರು ವರದಿ ಮಾಡಿದ ತೊಡಕು ಇನ್ನೂ ವಿಚಿತ್ರ. ಒಳಪದರ ಸುತ್ತಲೂ ಹರಿದು, ಅಂಗಿಯ ತೋಳು ಒಳಹೊರಗಾದಂತೆ ಮಗುಚಿ ಮುಂದಕ್ಕೆ ಸರಿಯುತ್ತದೆ. ಆಗ ಸಿ.ಟಿ.ಯಲ್ಲಿ ಹೃದಯದ ಹತ್ತಿರದ ಭಾಗದಲ್ಲಿ ಸೀಳೇ ಇಲ್ಲವೆನಿಸಬಹುದು. ಮುಂದೆ ಮಹಾಪಧಮನಿ ಬಾಗುವ ಕಮಾನಿನತ್ತ ಕಣ್ಣು ಹಾಯಿಸಿದರೆ ಮಡಚಿದ ಪದರ ಸಿಗುತ್ತದೆ.

ಹೃದಯದ ಮಿಡಿತಕ್ಕೆ ಹೊಂದಿಸಿ ತೆಗೆಯುವ ಸಿ.ಟಿ.ಯಿಂದಾಗಿ, ಬಡಿತದ ಅಲುಗಾಟ ಮೂಡಿಸುವ ಹುಸಿಗೆರೆಯನ್ನು ಸೀಳೆಂದು ತಪ್ಪಾಗಿ ಓದುವುದು ಕಡಿಮೆಯಾಗಿದೆ. ಇಂದು ಹೆಚ್ಚಿನ ಆಸ್ಪತ್ರೆಗಳಲ್ಲಿ ಮೊದಲ ಪರೀಕ್ಷೆ ಸಿ.ಟಿ.ಯೇ, ಸ್ಕ್ಯಾನ್ ಕೋಣೆಗೆ ಸಾಗಿಸಲಾಗದ ರೋಗಿಗೆ ಹಾಸಿಗೆಯ ಬಳಿಯೇ ಎಕೋ ಮಾಡುತ್ತಾರೆ.