ಹಿಮಮೀನುಗಾರಿಕೆಯ ಬಿಬ್

ಹೆಪ್ಪುಗಟ್ಟಿದ ಸರೋವರದ ಮೇಲೆ ಕುಳಿತು, ಮಂಜುಗಡ್ಡೆಯಲ್ಲಿ ಕೊರೆದ ತೂತಿಗೆ ಗಾಳ ಇಳಿಬಿಟ್ಟು ಮೀನು ಹಿಡಿಯುವವರು ತೊಡುವ, ಎದೆಯವರೆಗೆ ಏರುವ ಶಾಖನಿರೋಧಕ ಪ್ಯಾಂಟು. ಹೆಗಲಪಟ್ಟಿಗಳ ಆಸರೆಯಲ್ಲಿ ನಿಲ್ಲುವುದರಿಂದ ಇದಕ್ಕೆ ಬೆಲ್ಟು ಬೇಕಿಲ್ಲ. ತೂತಿನ ಮೇಲೆ ಬಗ್ಗಿದಾಗ ಸೊಂಟ ಗಾಳಿಗೆ ಬಯಲಾಗುವುದಿಲ್ಲ. ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್ ಮತ್ತು ಕೆನಡದ ಒಂಟಾರಿಯೊ ಪ್ರಾಂತ್ಯಗಳಲ್ಲಿ ಇದರ ಬಳಕೆ ಹೆಚ್ಚು. ಅಲ್ಲಿನ ಚಳಿ ಅಷ್ಟು ಕಡು: ಮಿನೆಸೋಟದ ಟವರ್ ಊರಿನ ಬಳಿ 1996ರ ಫೆಬ್ರವರಿ 2ರಂದು ಉಷ್ಣತೆ −51° ಸೆ.ಗೆ ಇಳಿದಿತ್ತು.

ಮೂಲ ತತ್ತ್ವ: ಸಾಮಾನು ಎಳೆದುಕೊಂಡು ನಡೆದು, ತೂತು ಕೊರೆಯುವಷ್ಟರಲ್ಲಿ ಮೈ ಬೆವರುತ್ತದೆ. ಆಮೇಲೆ ಗಂಟೆಗಟ್ಟಲೆ ಕದಲದೆ ಕೂತಾಗ ಅದೇ ಬೆವರು ಮೈಯ ಕಾವನ್ನು ಹೀರುತ್ತದೆ. ಬಟ್ಟೆಯ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ನಿಜವಾದ ಹೊದಿಕೆ. ನೀರಿನ ಶಾಖವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಟ್ಟು. ಹೀಗಾಗಿ ಗಾಳಿಯನ್ನು ಹಿಡಿದಿಡುವ, ನೀರನ್ನು ದೂರವಿಡುವ ಪ್ರಯತ್ನಗಳೇ ಈ ಉಡುಪಿನ ಚರಿತ್ರೆ.

ಇನ್ಯೂಯಿಟ್ ಪರಂಪರೆ: ಆರ್ಕ್ಟಿಕ್ ಪ್ರದೇಶದ ಇನ್ಯೂಯಿಟ್ ಜನರು ಕ್ಯಾರಿಬೂ ಹಿಮಸಾರಂಗದ ಚರ್ಮದಿಂದ ಎರಡು ಪದರಗಳ ಉಡುಪು ಹೊಲಿಯುತ್ತಿದ್ದರು. ಒಳಪದರದ ರೋಮ ಮೈಗೆ ತಾಗಿದ್ದರೆ, ಹೊರಪದರದ್ದು ಹೊರಮುಖವಾಗಿರುತ್ತಿತ್ತು. ಈ ರೋಮ ಟೊಳ್ಳಾಗಿದ್ದು ಒಳಗೇ ಗಾಳಿ ತುಂಬಿಕೊಂಡಿರುತ್ತದೆ. ಒದ್ದೆಯಾಗುವ ಕೆಲಸಕ್ಕೆ ಸೀಲ್ ಚರ್ಮದ ಉಡುಪು, ಪಾದರಕ್ಷೆಗಳಿದ್ದವು. ಸ್ನಾಯುರಜ್ಜುವಿನ ದಾರ ನೆನೆದು ಉಬ್ಬಿ ಹೊಲಿಗೆಯ ತೂತುಗಳನ್ನು ತಾನೇ ಮುಚ್ಚುತ್ತಿತ್ತು.

ಕೆಲಸಗಾರರ ಉಡುಪಿನಿಂದ: ಇಂದಿನ ಬಿಬ್‌ನ ಆಕಾರ ಬಂದದ್ದು ಕಾರ್ಮಿಕರಿಂದ. 1889ರಲ್ಲಿ ಡೆಟ್ರಾಯಿಟ್‌ನಲ್ಲಿ ಹ್ಯಾಮಿಲ್ಟನ್ ಕಾರ್‌ಹಾರ್ಟ್ ಆರಂಭಿಸಿದ ಸಂಸ್ಥೆ ರೈಲ್ವೆ ನೌಕರರಿಗಾಗಿ ಎದೆಪಟ್ಟಿಯ ಓವರಾಲ್‌ಗಳನ್ನು ತಯಾರಿಸಿತು. ತುಪ್ಪುಳು ತುಂಬಿದ ಚಳಿಗಾಲದ ಜಾಕೆಟ್ಟೊಂದಕ್ಕೆ ನಾಂದಿಯಾದದ್ದು ಒಂದು ಮೀನುಬೇಟೆಯೇ. ಸಿಯಾಟಲ್‌ನ ಕ್ರೀಡಾಸಾಮಗ್ರಿ ವ್ಯಾಪಾರಿ ಎಡ್ಡಿ ಬವರ್ 1935ರಲ್ಲಿ ಮೀನು ಹಿಡಿಯಲು ಹೋದಾಗ ಉಣ್ಣೆಯ ಕೋಟು ನೆನೆದು, ಮೈ ಮರಗಟ್ಟಿ ಸಾವಿನಂಚಿಗೆ ಹೋಗಿ ಬಂದ. ಬಳಿಕ ಹಕ್ಕಿಯ ತುಪ್ಪುಳನ್ನು ಮನೆಮನೆಯಾಗಿ ಹೊಲಿದ ಜಾಕೆಟ್ಟು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದ. ಆದರೆ ತುಪ್ಪುಳು ಒದ್ದೆಯಾದರೆ ಮುದ್ದೆಯಾಗಿ ಗಾಳಿಯನ್ನು ಬಿಟ್ಟುಕೊಡುತ್ತದೆ. 1959ರಲ್ಲಿ ಕ್ವಿಬೆಕ್‌ನ ಬೊಂಬಾರ್ಡಿಯರ್ ಸಂಸ್ಥೆ ಸ್ಕೀ-ಡೂ ಹಿಮವಾಹನವನ್ನು ಮಾರುಕಟ್ಟೆಗೆ ತಂದಿತು. ಅದರ ಸವಾರರಿಗೆಂದು ಬಂದ ದಪ್ಪ ನೈಲಾನ್ ಉಡುಪುಗಳು ಮೀನುಗಾರರಿಗೂ ಒಗ್ಗಿದವು.

ಕೃತಕ ಎಳೆಗಳ ಕಾಲ: 1969ರಲ್ಲಿ ಬಾಬ್ ಗೋರ್ ಟೆಫ್ಲಾನ್ ಜಾತಿಯ ವಸ್ತುವನ್ನು ಥಟ್ಟನೆ ಹಿಗ್ಗಿಸಿ ಸೂಕ್ಷ್ಮರಂಧ್ರಗಳ ಪೊರೆಯೊಂದಕ್ಕೆ ದಾರಿಮಾಡಿದ. ನೀರಹನಿಯನ್ನು ತಡೆದು ಬೆವರಿನ ಆವಿಯನ್ನು ಹೊರಬಿಡುವ ಈ ಗೋರ್‌-ಟೆಕ್ಸ್ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಅದೇ ದಶಕದ ಕೊನೆಗೆ 3ಎಂ ಸಂಸ್ಥೆಯ ಥಿನ್ಸುಲೇಟ್ ಬಂತು. ಇದರ ಅತಿಸಣ್ಣ ಎಳೆಗಳು ಕಡಿಮೆ ದಪ್ಪದಲ್ಲೇ ಹೆಚ್ಚು ಗಾಳಿ ಹಿಡಿಯುತ್ತವೆ. 1980ರ ದಶಕದಲ್ಲಿ ಅಮೆರಿಕದ ಸೇನೆಗಾಗಿ, ತುಪ್ಪುಳಿಗೆ ಬದಲಿಯಾಗಿ, ಪ್ರೈಮಾಲಾಫ್ಟ್ ರೂಪುಗೊಂಡಿತು.

ತೇಲುವ ಉಡುಪು: ಮಂಜುಗಡ್ಡೆ ಬಿರಿದು ನೀರಿಗೆ ಬೀಳುವುದು ಈ ಹವ್ಯಾಸದ ದೊಡ್ಡ ಅಪಾಯ. ಕಾಲ್ನಡಿಗೆಗೆ ಹೊಸ, ಗಟ್ಟಿ ಮಂಜುಗಡ್ಡೆ ಕನಿಷ್ಠ 4 ಅಂಗುಲ ದಪ್ಪವಿರಬೇಕೆಂದು ಮಿನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆ ಸೂಚಿಸುತ್ತದೆ. ದೋಣಿಯವರ ತೇಲುಕೋಟಿನ ಮಾದರಿಯಲ್ಲಿ, ಗಾಳಿಗುಳ್ಳೆಗಳುಳ್ಳ ಫೋಮ್ ಸೇರಿಸಿದ ಬಿಬ್‌ಗಳು ಹಿಮದ ಮೇಲೂ ರೂಢಿಗೆ ಬಂದವು. ಮೈಯನ್ನು ಬೆಚ್ಚಗಿಡುವ ಗಾಳಿಯೇ ಇವುಗಳಲ್ಲಿ ಮನುಷ್ಯನನ್ನು ತೇಲಿಸುತ್ತದೆ. ಆದರೆ ಪ್ರಮಾಣಪತ್ರವಿಲ್ಲದ ತೇಲುಬಿಬ್ ಜೀವರಕ್ಷಕ ಜಾಕೆಟ್ಟಿಗೆ ಸಮವಲ್ಲ.

ಆಯ್ಕೆ: ಕೊಳ್ಳುವಾಗ ಒಳಪದರದ ತೂಕ (ಚದರ ಮೀಟರಿಗೆ ಇಷ್ಟು ಗ್ರಾಂ ಎಂದು), ಮುಚ್ಚಿದ ಹೊಲಿಗೆ, ಬೂಟು ಕಳಚದೆ ತೊಡಲು ಕಾಲಿನುದ್ದದ ಜಿಪ್ಪು, ಮಂಡಿಯೂರಲು ಮೆತ್ತೆ, ನೀರು ಬಸಿಯುವ ಜಾಲರಿ ಇವುಗಳನ್ನು ಗಮನಿಸುತ್ತಾರೆ. ಅಳತೆ ತುಸು ಸಡಿಲವಿರಬೇಕು. ಬಿಗಿಯಾದ ಬಿಬ್ ಎಷ್ಟೇ ದಪ್ಪವಿದ್ದರೂ ಒಳಗಿನ ಗಾಳಿಯನ್ನು ಹಿಂಡಿಬಿಡುತ್ತದೆ.