ಸೀಳಿದ ಸದ್ದನ್ನು ಕೂಡಿಸುವ ಕೆಲಸ

1930ರ ದಶಕದ ನಡುಭಾಗ. ಹಾಲಿವುಡ್‌ನ ಎಂಜಿಎಂ ಸ್ಟುಡಿಯೋದಲ್ಲಿ ನರ್ತಕಿ ಎಲಿನಾರ್ ಪೊವೆಲ್ ಕುಣಿದಿದ್ದ ದೃಶ್ಯವೊಂದನ್ನು ಪರದೆಯ ಮೇಲೆ ಹಾಕಿ ನೋಡುತ್ತಿದ್ದರು. ಅದು ಟ್ಯಾಪ್ ನೃತ್ಯ. ಬೂಟಿನ ಅಡಿಗೆ ಬಡಿದ ಲೋಹದ ತಗಡು ನೆಲಕ್ಕೆ ತಾಕಿದಾಗ ಬರುವ ಸದ್ದೇ ಈ ನೃತ್ಯದ ಜೀವ. ಆದರೆ ಪರದೆಯ ಮೇಲೆ ಕಾಲು ಒಮ್ಮೆ ನೆಲ ಮುಟ್ಟಿದರೆ, ಧ್ವನಿವರ್ಧಕದಿಂದ ಸದ್ದು ಎರಡು ಸಲ ಕೇಳಿಸುತ್ತಿತ್ತು. ಮುದ್ರಣದಲ್ಲಿ ದೋಷವಿರಲಿಲ್ಲ. ತಪ್ಪು ಇದ್ದದ್ದು ಪರದೆಯ ಹಿಂದಿನ ದೊಡ್ಡ ಕಹಳೆಗಳಲ್ಲಿ.

ಧ್ವನಿ ಎಂಜಿನಿಯರುಗಳು ಇಂದಿಗೂ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕತೆ ಇದು. ಅಲ್ಲಿ ತಗ್ಗಿನ ಸ್ವರಗಳಿಗೆ ಒಂದು ಕಹಳೆ, ಮೇಲಿನ ಸ್ವರಗಳಿಗೆ ಇನ್ನೊಂದು ಕಹಳೆ ಇತ್ತು. ತಗ್ಗಿನ ಸ್ವರದ ಕಹಳೆಯನ್ನು ಜಾಗ ಉಳಿಸಲು ಮಡಿಸಿ ಕಟ್ಟಿದ್ದರು. ಅದರೊಳಗೆ ಸದ್ದು ಸಾಗಬೇಕಾದ ದಾರಿ ಮತ್ತೊಂದರದ್ದಕ್ಕಿಂತ ಸುಮಾರು 8 ಅಡಿ ಉದ್ದವಾಗಿತ್ತು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಎಂಟು ಅಡಿ ದಾಟಲು ಅದಕ್ಕೆ ಸೆಕೆಂಡಿನ ಸಾವಿರದಲ್ಲಿ ಏಳು ಭಾಗ ಬೇಕು. ಹಾಡಿನಲ್ಲಿ, ಮಾತಿನಲ್ಲಿ ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಬೂಟಿನ ಪೆಟ್ಟು ಬಯಲಿಗೆಳೆಯಿತು. ಇಂದು ಮನೆಯ ಸಂಗೀತ ವ್ಯವಸ್ಥೆಗೆ ಡಿಜಿಟಲ್ ಕ್ರಾಸ್‌ಓವರ್ ಎಂಬ ಪೆಟ್ಟಿಗೆಯನ್ನು ತಂದು ಜೋಡಿಸುವವರು ತಲೆ ಕೆಡಿಸಿಕೊಳ್ಳುವುದು ಇದೇ ಸಂಗತಿಯ ಬಗ್ಗೆ. ವ್ಯತ್ಯಾಸವೆಂದರೆ ಅವರ ಲೆಕ್ಕ ಅಡಿಗಳಲ್ಲಿಲ್ಲ, ಸೆಂಟಿಮೀಟರುಗಳಲ್ಲಿದೆ.

ಸದ್ದನ್ನು ಹೀಗೆ ಸೀಳುವುದಾದರೂ ಏಕೆ? ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗೆ ಕೇಳಬಲ್ಲದು. ಮೊದಲನೆಯದರ ಅಲೆ 17 ಮೀಟರ್ ಉದ್ದ, ಕೊನೆಯದರದ್ದು ಎರಡು ಸೆಂಟಿಮೀಟರಿಗೂ ಕಡಿಮೆ. ತಗ್ಗಿನ ಸ್ವರಕ್ಕೆ ಹೆಚ್ಚು ಗಾಳಿಯನ್ನು ನೂಕುವ ಅಗಲವಾದ ಕಾಗದದ ಶಂಕು ಬೇಕು. ಮೇಲಿನ ಸ್ವರಕ್ಕೆ ಚುರುಕಾಗಿ ಅಲುಗಾಡುವ ಹಗುರವಾದ ಚಿಕ್ಕ ಪೊರೆ ಸಾಕು. ಒಂದೇ ಶಂಕು ಎರಡನ್ನೂ ಚೆನ್ನಾಗಿ ಮಾಡಲಾರದು. ಆದ್ದರಿಂದಲೇ ಸ್ಪೀಕರ್ ಪೆಟ್ಟಿಗೆಯಲ್ಲಿ ದೊಡ್ಡ ವೂಫರ್, ಪುಟ್ಟ ಟ್ವೀಟರ್, ಕೆಲವೊಮ್ಮೆ ಇವೆರಡರ ಮಧ್ಯೆ ಇನ್ನೊಂದು. ಯಾರ ಪಾಲಿಗೆ ಎಷ್ಟು ಎಂದು ಹಂಚುವ ಏರ್ಪಾಡೇ ಕ್ರಾಸ್‌ಓವರ್. ಕಾಲುವೆಗೆ ತೂಬು ಇದ್ದ ಹಾಗೆ. ಆದರೆ ತೂಬಿನಿಂದ ಹೊರಟ ನೀರು ಮತ್ತೆ ಸೇರಬೇಕಿಲ್ಲ. ಹಂಚಿಹೋದ ಸದ್ದು ಕೇಳುವವನ ಕಿವಿಯಲ್ಲಿ ಒಂದಾಗಲೇಬೇಕು. ಮೃದಂಗದ ಒಂದು ಪೆಟ್ಟನ್ನೇ ತೆಗೆದುಕೊಂಡರೆ, ಅದರ ಗುಂಗು ವೂಫರಿನಿಂದಲೂ ಬೆರಳು ತಾಕಿದ ಟಕ್ಕೆಂಬ ಮೊನೆ ಟ್ವೀಟರಿನಿಂದಲೂ ಬರುತ್ತದೆ. ಎರಡೂ ಒಟ್ಟಿಗೆ ಬಾರದಿದ್ದರೆ ಕೇಳುವುದು ಮೃದಂಗವಲ್ಲ, ಎರಡು ಸದ್ದು.

ದೊಡ್ಡ ಪ್ರಮಾಣದಲ್ಲಿ ಇದನ್ನು ಮಾಡಿ ತೋರಿಸಿದ್ದು ಅಮೆರಿಕದ ಬೆಲ್ ಪ್ರಯೋಗಾಲಯ. 1933ರ ಏಪ್ರಿಲ್ 27ರಂದು ಫಿಲಡೆಲ್ಫಿಯಾದಲ್ಲಿ ನುಡಿಸಿದ ವಾದ್ಯವೃಂದವನ್ನು ಟೆಲಿಫೋನ್ ತಂತಿಯ ಮೂಲಕ ವಾಷಿಂಗ್ಟನ್ನಿನ ಸಭಾಂಗಣಕ್ಕೆ ತಂದು ಕೇಳಿಸಿದರು. ವೃಂದದ ಪ್ರಸಿದ್ಧ ನಿರ್ದೇಶಕ ಲಿಯೊಪೋಲ್ಡ್ ಸ್ಟಕೋಫ್ಸ್ಕಿ ಆ ದಿನ ವಾದಕರ ಮುಂದೆ ಇರಲಿಲ್ಲ. ವಾಷಿಂಗ್ಟನ್ನಿನಲ್ಲಿ ಕುಳಿತು ಸದ್ದಿನ ಏರಿಳಿತದ ಗುಂಡಿಗಳನ್ನು ತಿರುಗಿಸುತ್ತಿದ್ದರು. ಅಲ್ಲಿದ್ದ ಧ್ವನಿವರ್ಧಕಗಳಲ್ಲಿ 300 ಕಂಪನಗಳ ಕೆಳಗಿನದಕ್ಕೆ ಒಂದು ಕಹಳೆ, ಮೇಲಿನದಕ್ಕೆ ಬೇರೆ ಕಹಳೆ. ಚಿತ್ರಮಂದಿರಗಳು ಆಸೆಪಟ್ಟದ್ದು ಈ ಬಗೆಯ ವೈಭವಕ್ಕೇ. ಎರಡು ದಾರಿಗಳ ಉದ್ದ ಬೇರೆಯಾದ ತೊಂದರೆಯೂ ಅದರ ಜೊತೆಗೇ ಬಂತು. ಎಂಜಿಎಂನ ಡಗ್ಲಸ್ ಶಿಯರರ್, ಜಾನ್ ಹಿಲಿಯರ್ಡ್ ಮತ್ತು ಸಂಗಡಿಗರು ತಗ್ಗಿನ ಕಹಳೆಯನ್ನು ಮೊಟಕುಗೊಳಿಸಿ, ಎರಡೂ ದಾರಿಗಳನ್ನು ಹತ್ತಿರ ಹತ್ತಿರ ಸಮ ಮಾಡಿದರು. 'ಶಿಯರರ್ ಹಾರ್ನ್' ಎಂದು ಹೆಸರಾದ ಈ ಧ್ವನಿವರ್ಧಕಕ್ಕೆ 1936ರ ಸಾಲಿನ ಆಸ್ಕರ್ ತಾಂತ್ರಿಕ ಪ್ರಶಸ್ತಿ ಬಂತು. ಬಡಗಿಯ ಕೆಲಸಕ್ಕೆ ಸಿಕ್ಕ ಆಸ್ಕರ್ ಎಂದರೂ ತಪ್ಪಿಲ್ಲ.

ಮನೆಯ ಸ್ಪೀಕರುಗಳಲ್ಲಿ ಹಂಚಿಕೆಯ ಕೆಲಸ ಮಾಡುತ್ತ ಬಂದದ್ದು ತಾಮ್ರದ ತಂತಿಯ ಸುರುಳಿ ಮತ್ತು ಕೆಪ್ಯಾಸಿಟರ್. ಸುರುಳಿ ತಗ್ಗಿನ ಸ್ವರಗಳನ್ನು ಬಿಟ್ಟು ಮೇಲಿನವನ್ನು ತಡೆಯುತ್ತದೆ; ಕೆಪ್ಯಾಸಿಟರ್ ಇದಕ್ಕೆ ತಿರುಗಾಮುರುಗ. ಒಂದೇ ತಂತಿಯಲ್ಲಿ ಹಲವು ಟೆಲಿಫೋನ್ ಸಂಭಾಷಣೆಗಳನ್ನು ಕಳಿಸಲು 1910ರ ದಶಕದಲ್ಲಿ ಜಾರ್ಜ್ ಕ್ಯಾಂಪ್‌ಬೆಲ್ ರೂಪಿಸಿದ ಸೋಸುಮಂಡಲದ ವಂಶದ್ದೇ ಇದು. ಅಗ್ಗ, ಸರಳ, ದಶಕಗಟ್ಟಲೆ ಬಾಳಿಕೆ. ಆದರೆ ಇದು ಕೂರುವುದು ಆಂಪ್ಲಿಫೈಯರಿನ ನಂತರ. ಆಂಪ್ಲಿಫೈಯರ್ ಕೊಟ್ಟ ಶಕ್ತಿಯೆಲ್ಲ ಇದರ ಮೂಲಕವೇ ಹೋಗಬೇಕು. ಅದರಲ್ಲೊಂದಿಷ್ಟು ಬಿಸಿಯಾಗಿ ಸೋರುತ್ತದೆ. ಸ್ಪೀಕರಿನ ಬೆನ್ನಿಗೆ 8 ಓಮ್ ಎಂದು ಬರೆದಿದ್ದರೂ, ಸ್ವರ ಬದಲಾದಂತೆ ಅದರ ತಡೆಯೂ ಬದಲಾಗುತ್ತದೆ. ಲೆಕ್ಕ ಹಾಕಿ ಕಟ್ಟಿದ ಹಂಚಿಕೆ ಅಲ್ಲಲ್ಲಿ ದಾರಿ ತಪ್ಪುತ್ತದೆ.

ಇದಕ್ಕೆ ಉಪಾಯವೆಂದರೆ ಆಂಪ್ಲಿಫೈಯರಿಗೆ ಮೊದಲೇ, ಸಂಕೇತ ಇನ್ನೂ ಕ್ಷೀಣವಾಗಿರುವಾಗಲೇ ಹಂಚಿಬಿಟ್ಟು, ವೂಫರಿಗೊಂದು ಟ್ವೀಟರಿಗೊಂದು ಆಂಪ್ಲಿಫೈಯರ್ ಇಡುವುದು. ಈ ಮಾರ್ಗಕ್ಕೆ ಗಟ್ಟಿ ಗಣಿತ ಒದಗಿದ್ದು 1976ರಲ್ಲಿ, ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ ಇಬ್ಬರು ಎಂಜಿನಿಯರುಗಳಿಂದ. ಸೀಗ್‌ಫ್ರೀಡ್ ಲಿಂಕ್ವಿಟ್ಜ್ ಮತ್ತು ರಸ್ ರೈಲಿ ಹೊಟ್ಟೆಪಾಡಿಗೆ ಮಾಡುತ್ತಿದ್ದುದು ಅಳತೆಯ ಉಪಕರಣಗಳ ಕೆಲಸ; ಸ್ಪೀಕರ್ ಅವರ ಹವ್ಯಾಸ. ಅಲ್ಲಿಯವರೆಗೆ ಬಳಕೆಯಲ್ಲಿದ್ದ ಬಟರ್‌ವರ್ತ್ ಮಾದರಿಯಲ್ಲಿ, ಗಡಿಯ ಕಂಪನಾಂಕದಲ್ಲಿ ಎರಡೂ ಭಾಗಗಳು ಪೂರ್ಣ ವೋಲ್ಟೇಜಿನ ಸುಮಾರು ನೂರಕ್ಕೆ 70ರಷ್ಟನ್ನು ಕೊಡುತ್ತಿದ್ದವು. ಎರಡರ ಅಲೆಗಳೂ ಒಟ್ಟಿಗೆ ಏಳುವಂತಿದ್ದರೆ ಮೊತ್ತ ನೂರನ್ನು ದಾಟಿ ಅಲ್ಲೊಂದು ಉಬ್ಬು ಮೂಡುತ್ತಿತ್ತು. ಎರಡೂ ಸರಿಯಾಗಿ ಅರ್ಧರ್ಧ ಕೊಟ್ಟು, ಒಟ್ಟಿಗೆ ಏಳಬೇಕು, ಒಟ್ಟಿಗೆ ಬೀಳಬೇಕು ಎಂದು ಇವರು ತೋರಿಸಿದರು. ಅರ್ಧಕ್ಕೆ ಅರ್ಧ ಸೇರಿದರೆ ಒಂದು. ಹೇಳಿದ ಮೇಲೆ ಇಷ್ಟೇನೇ ಅನ್ನಿಸುವಷ್ಟು ಸಲೀಸು. ಇಂದು ಬಹುಪಾಲು ಡಿಜಿಟಲ್ ಕ್ರಾಸ್‌ಓವರುಗಳಲ್ಲಿ ಇವರಿಬ್ಬರ ಹೆಸರಿನ ಆಯ್ಕೆ ಇದ್ದೇ ಇರುತ್ತದೆ.

ಆದರೂ ಒಂದು ತೊಡಕು ಉಳಿಯಿತು. ಒಂದೇ ಹಲಗೆಗೆ ಬಿಗಿದ ಸ್ಪೀಕರುಗಳಲ್ಲಿ ವೂಫರಿನ ಸದ್ದು ಹೊರಡುವುದು ಅದರ ಶಂಕುವಿನ ಆಳದಿಂದ, ಟ್ವೀಟರಿನದು ಮುಂಭಾಗದಿಂದಲೇ. ಬ್ರಿಟನ್ನಿನ ಕೆಇಎಫ್ ಕಂಪನಿ 1970ರ ದಶಕದ ಕೊನೆಯಲ್ಲಿ ತಂದ 105 ಎಂಬ ಸ್ಪೀಕರಿನಲ್ಲಿ ಪೆಟ್ಟಿಗೆಗಳನ್ನು ಒಂದರ ಮೇಲೊಂದು, ಮೇಲಿನದನ್ನು ಹಿಂದಕ್ಕೆ ಸರಿಸಿ ಇಟ್ಟಿದ್ದಕ್ಕೆ ಕಾರಣ ಇದೇ. ಮತ್ತೆ ಬಡಗಿಯ ಕೆಲಸ!

ಸದ್ದು ಅಂಕಿಗಳಾದ ಮೇಲೆ ಈ ಚಿತ್ರ ಬದಲಾಯಿತು. 1982ರಲ್ಲಿ ಬಂದ ಸಿಡಿಯಲ್ಲಿ ಪ್ರತಿ ಸೆಕೆಂಡಿನ ಸದ್ದು 44,100 ಅಂಕಿಗಳಾಗಿ ಕೂತಿರುತ್ತದೆ. ಅಂಕಿಗಳನ್ನು ಕೂಡಿ ಗುಣಿಸಿಯೇ ತಗ್ಗಿನ ಸ್ವರವನ್ನೂ ಮೇಲಿನದನ್ನೂ ಬೇರ್ಪಡಿಸಬಹುದು. ಸುರುಳಿ ಬೇಡ, ಕೆಪ್ಯಾಸಿಟರ್ ಬೇಡ. ತಡ ಮಾಡಬೇಕೆಂದರೆ ಅಂಕಿಗಳನ್ನು ಸ್ಮೃತಿಕೋಶದಲ್ಲಿ ಸ್ವಲ್ಪ ಹೊತ್ತು ಹಿಡಿದಿಟ್ಟರಾಯಿತು. ಟ್ವೀಟರ್ 5 ಸೆಂಟಿಮೀಟರ್ ಮುಂದಿದೆಯೆ? ಸೆಕೆಂಡಿಗೆ 48,000 ಅಂಕಿಗಳ ಲೆಕ್ಕದಲ್ಲಿ ಏಳು ಅಂಕಿಗಳಷ್ಟು ತಡ ಸಾಕು. ಎಂಜಿಎಂನವರು ಹಲಗೆ ಕೊಯ್ದು ಸಾಧಿಸಿದ್ದು ಈಗ ಗುಂಡಿ ತಿರುಗಿಸಿದರೆ ಸಿಗುತ್ತದೆ. 1990ರ ದಶಕದಲ್ಲಿ ಬ್ರಿಟನ್ನಿನ ಮೆರಿಡಿಯನ್ ಇಂಥ ಸ್ಪೀಕರುಗಳನ್ನು ಮಾರಿತು, ಉಳ್ಳವರಿಗೆ. 2000ರ ದಶಕದಲ್ಲಿ ವೇದಿಕೆಯ ಧ್ವನಿ ವ್ಯವಸ್ಥೆಗೆಂದು ಬೆರಿಂಗರ್ ಕಂಪನಿ ತಂದ ಡಿಸಿಎಕ್ಸ್ 2496 ಅಗ್ಗವಾಗಿತ್ತು. ಹವ್ಯಾಸಿಗಳು ಅದನ್ನು ಮನೆಗೆ ಹೊತ್ತರು. ಆಮೇಲೆ ಹಾಂಕಾಂಗ್‌ನ ಮಿನಿಡಿಎಸ್‌ಪಿ ಅಂಗೈಯಗಲದ ಪೆಟ್ಟಿಗೆಗಳನ್ನು ಮಾಡಿತು.

ಮನೆಗೆ ತಂದ ಮೇಲೆ ತಿಳಿಯುವುದು, ಪೆಟ್ಟಿಗೆ ಒಂದಾದರೂ ಬದಲಾಗಬೇಕಾದದ್ದು ಇಡೀ ವ್ಯವಸ್ಥೆ ಎಂದು. ಎರಡು ಸ್ಪೀಕರುಗಳಲ್ಲಿ ಮೂರು ಮೂರು ಭಾಗಗಳಿದ್ದರೆ ಆರು ಆಂಪ್ಲಿಫೈಯರುಗಳು ಬೇಕು. ಸದ್ದಿನ ಪ್ರಮಾಣ ತಗ್ಗಿಸುವ ಗುಂಡಿ ಎಲ್ಲಿರಬೇಕು ಎಂಬುದು ಮುಂದಿನ ಪ್ರಶ್ನೆ. ಪೆಟ್ಟಿಗೆಗೆ ಮೊದಲು ಇಟ್ಟರೆ, ರಾತ್ರಿ ಮೆಲ್ಲಗೆ ಕೇಳುವಾಗ ಸಂಕೇತ ಸಣ್ಣದಾಗಿ ಅಂಕಿಗಳಿಗೆ ಕೆಲಸವೇ ಇರುವುದಿಲ್ಲ. 16 ಬಿಟ್‌ನಲ್ಲಿ 65,536 ಮೆಟ್ಟಿಲುಗಳಿವೆ. 48 ಡೆಸಿಬೆಲ್ ತಗ್ಗಿಸಿ ಒಳಕ್ಕೆ ಕೊಟ್ಟರೆ ಉಳಿಯುವುದು 256. 24 ಬಿಟ್‌ನ ಪರಿವರ್ತಕಗಳು ಬಂದು ಈ ನಷ್ಟ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಪೆಟ್ಟಿಗೆಯ ನಂತರ ಇಡುವುದಾದರೆ ಆರೂ ದಾರಿಗಳನ್ನು ಒಟ್ಟಿಗೆ ಏರಿಳಿಸುವ ಗುಂಡಿ ಬೇಕು. ಒಂದು ಹಿಂದೆ ಬಿದ್ದರೂ ಹಂಚಿಕೆ ಕೆಟ್ಟಿತು. ವೇದಿಕೆಯ ಉಪಕರಣಗಳು 10 ವೋಲ್ಟಿನವರೆಗೆ ಹೊರಹಾಕಬಲ್ಲವು. ಮನೆಯ ಆಂಪ್ಲಿಫೈಯರಿಗೆ ಒಂದೆರಡು ವೋಲ್ಟ್ ಧಾರಾಳ. ನಡುವೆ ತಗ್ಗಿಸುವ ರೆಸಿಸ್ಟರ್ ಹಾಕದಿದ್ದರೆ, ಹಾಡು ಶುರುವಾಗುವ ಮುನ್ನವೇ ಟ್ವೀಟರಿನಿಂದ ಸುಯ್ಯೆಂಬ ಸದ್ದು.

ಟ್ವೀಟರಿನ ಪಾಡು ಇನ್ನೂ ಸೂಕ್ಷ್ಮ. ಹಳೆಯ ಪದ್ಧತಿಯಲ್ಲಿ ಕೆಪ್ಯಾಸಿಟರ್ ಅದಕ್ಕೆ ಕಾವಲುಗಾರನೂ ಆಗಿತ್ತು. ಈಗ ಆಂಪ್ಲಿಫೈಯರಿಗೂ ಕೂದಲೆಳೆಯ ತಂತಿಗೂ ನಡುವೆ ಏನೂ ಇಲ್ಲ. ಸ್ವಿಚ್ ಹಾಕಿದಾಗಿನ ಒಂದು 'ಧಡ್', ಅಥವಾ ತಪ್ಪಾಗಿ ಒತ್ತಿದ ಒಂದು ಅಂಕಿ ಅದನ್ನು ಸುಟ್ಟುಬಿಡಬಲ್ಲದು. ಬಲ್ಲವರು ದೊಡ್ಡದೊಂದು ಕೆಪ್ಯಾಸಿಟರನ್ನು ಸರಣಿಯಲ್ಲಿ ಉಳಿಸಿಕೊಳ್ಳುತ್ತಾರೆ. ಕ್ರಾಸ್‌ಓವರ್ ಮೊದಲು, ಆಂಪ್ಲಿಫೈಯರ್ ಕೊನೆಗೆ ಹಾಕುತ್ತಾರೆ, ಆರಿಸುವಾಗ ತಿರುಗಾಮುರುಗ.

ಕೆಲವು ಡಿಜಿಟಲ್ ಸೋಸುವಿಕೆಗಳು ಎಲ್ಲ ಸ್ವರಗಳಿಗೂ ಸಮವಾದ ತಡ ಕೊಡುತ್ತವೆ. ಅದಕ್ಕಾಗಿ ತುಂಬ ಅಂಕಿಗಳನ್ನು ಕಾಯಬೇಕಾಗುತ್ತದೆ. ಹಾಡು ಕೇಳುವವರಿಗೆ ಅದರಿಂದ ಬಾಧೆಯಿಲ್ಲ. ಆದರೆ ಅದೇ ಸ್ಪೀಕರಿನಲ್ಲಿ ಟಿವಿ ನೋಡಲು ಕುಳಿತರೆ ತುಟಿ ಮೊದಲು ಅಲುಗಿ ಮಾತು ಆಮೇಲೆ ಬರುತ್ತದೆ. ಗ್ರಾಮಾಫೋನ್ ತಟ್ಟೆಯ ಪ್ರೇಮಿಗಳ ಆಕ್ಷೇಪವೇ ಬೇರೆ. ಸೂಜಿ ಎತ್ತಿದ ಸದ್ದನ್ನು ಅಂಕಿಯಾಗಿಸಿ ಮತ್ತೆ ಸದ್ದಾಗಿಸುವುದೇಕೆ ಎಂದು ಅವರು ಕೇಳುತ್ತಾರೆ. ಅಳತೆಯ ಉಪಕರಣ ಅವರ ಪರ ಸಾಕ್ಷಿ ಹೇಳುವುದು ಕಡಿಮೆ. ಆದರೂ ಕೇಳಿದ ಕೂಡಲೇ ತಳ್ಳಿಹಾಕುವ ಪ್ರಶ್ನೆಯಲ್ಲ ಅದು.

ಇದಕ್ಕಿಂತ ಭಾರವಾದ ಮಾತೊಂದಿದೆ. ಒಳ್ಳೆಯ ಸ್ಪೀಕರಿನ ಹೊಟ್ಟೆಯಲ್ಲಿರುವ ಸುರುಳಿ-ಕೆಪ್ಯಾಸಿಟರುಗಳು ಬರಿಯ ಹಂಚಿಕೆಯಲ್ಲ. ವೂಫರಿನ ಒರಟನ್ನು ಮರೆಮಾಡಲು, ಟ್ವೀಟರಿನ ಚೂಪನ್ನು ತಗ್ಗಿಸಲು ತಯಾರಿಸಿದವನು ತಿಂಗಳುಗಟ್ಟಲೆ ಕೇಳಿ ತಿದ್ದಿದ್ದು ಅದರಲ್ಲಿದೆ. ಅದನ್ನು ಕಿತ್ತು ಹಾಕಿದವನು ಮೈಕ್ರೋಫೋನ್ ಹಿಡಿದು ಆ ಕೆಲಸವನ್ನೆಲ್ಲ ಮೊದಲಿನಿಂದ ಮಾಡಬೇಕು. ಮಾಡಬಲ್ಲವರಿಗೆ ಲಾಭ ನಿಜ. ಮಾಡಲಾರದವರು ಸಾವಿರಾರು ರೂಪಾಯಿ ಸುರಿದು, ಮೊದಲಿದ್ದುದಕ್ಕಿಂತ ಕೆಟ್ಟದ್ದನ್ನು ಕೇಳುತ್ತ ಕೂರುವುದೂ ಉಂಟು. 1950ರ ದಶಕದ ಸ್ಪೀಕರಿಗೆ ಇಂದಿಗೂ ಕೆಪ್ಯಾಸಿಟರ್ ಬದಲಿಸಿದರೆ ಹಾಡುತ್ತದೆ. ಬೆಸುಗೆ ಹಾಕಲು ಬಲ್ಲ ರೇಡಿಯೋ ರಿಪೇರಿಯವನು ಸಾಕು. ಡಿಜಿಟಲ್ ಪೆಟ್ಟಿಗೆಯ ಅಂಕಿಗಳನ್ನು ಬದಲಿಸಲು ಅದರದ್ದೇ ತಂತ್ರಾಂಶ ಬೇಕು, ಆ ತಂತ್ರಾಂಶ ಓಡಲು ಅದಕ್ಕೊಪ್ಪುವ ಕಂಪ್ಯೂಟರ್ ಬೇಕು. ಆದ್ದರಿಂದ ಅನುಭವಸ್ಥರು ಕಿತ್ತ ಸುರುಳಿಗಳನ್ನು ಎಸೆಯುವುದಿಲ್ಲ. ಯಾವ ತಂತಿ ಎಲ್ಲಿತ್ತೆಂದು ಚೀಟಿ ಅಂಟಿಸಿ, ರಟ್ಟಿನ ಡಬ್ಬಿಯಲ್ಲಿ ಹಾಕಿ, ಅಟ್ಟದ ಮೇಲೆ ಇಡುತ್ತಾರೆ.